ಒಡೆದ ಮಹಾಪಧಮನಿಗೆ ತುರ್ತು ಇವಾರ್: ಅಪಾಯ ಹೆಚ್ಚಿರುವ ರೋಗಿಗೆ ಈ ಸೇವೆ ಎಷ್ಟು ಒದಗುತ್ತದೆ?

ಹೃದಯದಿಂದ ಹೊರಡುವ ಮುಖ್ಯ ರಕ್ತನಾಳವೇ ಮಹಾಪಧಮನಿ. ಹೊಟ್ಟೆಯೊಳಗೆ ಅದರ ಸಹಜ ಅಗಲ ಸುಮಾರು 2 ಸೆಂ.ಮೀ. ಅದು ಉಬ್ಬಿ 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ ಎನ್ನುತ್ತಾರೆ. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂ.ಮೀ. ಆದಾಗ, ಒಡೆಯುವ ಮೊದಲೇ ಸರಿಪಡಿಸುವ ಮಾತು ಬರುತ್ತದೆ. ಒಡೆದೇ ಬಿಟ್ಟರೆ ಹತ್ತರಲ್ಲಿ ಎಂಟು ಮಂದಿ ಉಳಿಯುವುದಿಲ್ಲ. ಅವರಲ್ಲಿ ಬಹಳ ಜನ ಆಸ್ಪತ್ರೆಯ ಬಾಗಿಲನ್ನೂ ಮುಟ್ಟಿರುವುದಿಲ್ಲ.

ಮುಟ್ಟಿದವರಿಗೆ ಇರುವ ದಾರಿ ಎರಡು. ಹೊಟ್ಟೆ ತೆರೆದು, ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ, ಡ್ಯಾಕ್ರಾನ್ ಬಟ್ಟೆಯ ಕೊಳವೆ ಹೊಲಿಯುವ ಓಪನ್ ಸರ್ಜರಿ ಒಂದು. ತೊಡೆಸಂದಿಯ ರಕ್ತನಾಳದಿಂದ ಸ್ಟೆಂಟ್ ಗ್ರಾಫ್ಟ್ (ಲೋಹದ ಬಲೆಗೆ ಬಟ್ಟೆ ಹೊದಿಸಿದ ಕೊಳವೆ) ಏರಿಸಿ, ಹಳೇ ಪೈಪಿನೊಳಗೆ ಹೊಸ ಪೈಪು ತೂರಿಸಿದಂತೆ ಒಳಗಿನಿಂದಲೇ ಸೋರಿಕೆ ಮುಚ್ಚುವುದು ಇನ್ನೊಂದು. ಈ ಎರಡನೆಯದನ್ನು ವೈದ್ಯರು ಇವಾರ್ ಎನ್ನುತ್ತಾರೆ. ಇಲ್ಲಿ ತೂಗಿ ನೋಡುತ್ತಿರುವುದು ತುರ್ತು ಇವಾರ್ ಎಂಬ ಸೇವೆಯನ್ನು. ಅದೂ ಎಪ್ಪತ್ತೈದು ದಾಟಿದ, ಹೃದಯದ ಪಂಪಿಂಗ್ ತಗ್ಗಿದ, ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಸೋತ, ಕ್ರಿಯಾಟಿನಿನ್ ಏರಿ ಕಿಡ್ನಿ ಸೋತ ರೋಗಿಯ ಕಡೆಯಿಂದ ನಿಂತು.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಇಂಥ ರೋಗಿಗೆ, ರಕ್ತನಾಳದ ಆಕಾರ ಒಪ್ಪುವುದಾದರೆ, ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುವ ಇವಾರ್ ಇವತ್ತು ಸಿಗುವ ಅತ್ಯುತ್ತಮ ಆಯ್ಕೆ. ಆದರೆ ಯಾವ ಕಂಪನಿಯ ಗ್ರಾಫ್ಟ್ ಎಂಬುದರ ಮೇಲೆ ಜೀವ ನಿಂತಿರುವುದು ಕಡಿಮೆ. ನಡುರಾತ್ರಿ ಆ ಗ್ರಾಫ್ಟ್ ಕಪಾಟಿನಲ್ಲಿ ಇದೆಯೇ, ರಕ್ತ ತಡೆಯುವ ಬಲೂನ್ ಟೇಬಲ್ ಮೇಲೆ ಬಿಚ್ಚಿಟ್ಟಿದೆಯೇ, ಅನಸ್ತೇಸಿಯಾ ವೈದ್ಯರು ರೋಗಿಯನ್ನು ಪೂರ್ತಿ ಪ್ರಜ್ಞೆ ತಪ್ಪಿಸಿ ಮಲಗಿಸದೇ ಇರುವ ಧೈರ್ಯ ತೋರುತ್ತಾರೆಯೇ, ಇದರ ಮೇಲೆಯೇ ಹೆಚ್ಚು.

ಹಿನ್ನೆಲೆ, ಚುಟುಕಾಗಿ

ಅನ್ಯೂರಿಸಂ ಕತ್ತರಿಸಿ ತೆಗೆದು ಬದಲಿ ರಕ್ತನಾಳ ಜೋಡಿಸಿದ ಮೊದಲ ಯಶಸ್ಸು 1951ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋ ಅವರದು. ಒಳಗಿನಿಂದ ಸ್ಟೆಂಟ್ ಗ್ರಾಫ್ಟ್ ಕೂರಿಸುವ ಕೆಲಸವನ್ನು 1987ರಲ್ಲಿ ಖಾರ್ಕಿವ್‌ನ ನಿಕೊಲಾಯ್ ವೊಲೊಡೊಸ್ ಎದೆಯ ಮಹಾಪಧಮನಿಯಲ್ಲಿ, 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ಹೊಟ್ಟೆಯ ಮಹಾಪಧಮನಿಯಲ್ಲಿ ಮಾಡಿ ತೋರಿಸಿದರು. ಒಡೆದ ಅನ್ಯೂರಿಸಂಗೆ ಇದೇ ವಿಧಾನ ಬಳಸಿದ ವರದಿ 1994ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಿಂದ ಬಂತು.

ಪುರಾವೆ ಏನು ಹೇಳುತ್ತದೆ

ಈ ಸೇವೆಯನ್ನು ಮಾರುವವರು ಹೇಳುವಷ್ಟು ಸಲೀಸಾಗಿ ಪುರಾವೆ ಇಲ್ಲ. ಹಾಗೆಂದು ಅನುಮಾನಿಸುವವರು ಹೇಳುವಷ್ಟು ಬಡವೂ ಅಲ್ಲ. ದೊಡ್ಡ ಅಧ್ಯಯನವೆಂದರೆ ಇಂಪ್ರೂವ್. ಬ್ರಿಟನ್ನಿನ 29 ಹಾಗೂ ಕೆನಡಾದ ಒಂದು ಆಸ್ಪತ್ರೆ, 613 ರೋಗಿಗಳು, 2009ರಿಂದ 2013. ಸಿಟಿ ಸ್ಕ್ಯಾನ್ ನೋಡಿ ಆಗುವುದಾದರೆ ಇವಾರ್, ಇಲ್ಲವಾದರೆ ಓಪನ್ ಎಂಬ ಗುಂಪಿನಲ್ಲಿ 30 ದಿನಗಳೊಳಗೆ ಸತ್ತವರು 35.4%. ನೇರ ಓಪನ್ ಸರ್ಜರಿಯ ಗುಂಪಿನಲ್ಲಿ 37.4%. ವ್ಯತ್ಯಾಸ ಇಲ್ಲವೆಂದೇ ಓದಬೇಕು. ಆಮ್‌ಸ್ಟರ್ಡ್ಯಾಂನ ಅಜಾಕ್ಸ್ (116 ರೋಗಿಗಳು), ಫ್ರಾನ್ಸಿನ ಇಕಾರ್ (107 ರೋಗಿಗಳು) ಅಧ್ಯಯನಗಳೂ ಸಾವಿನಲ್ಲಿ ಸ್ಪಷ್ಟ ಅಂತರ ತೋರಲಿಲ್ಲ.

ಆದರೆ ಇಂಪ್ರೂವ್‌ನ ಒಳಗಿನ ಅಂಕಿಗಳು ಅಪಾಯ ಹೆಚ್ಚಿರುವ ರೋಗಿಗೆ ಬಹಳ ಮುಖ್ಯ. ಬದುಕುಳಿದವರಲ್ಲಿ ಇವಾರ್ ಗುಂಪಿನ 94% ಮಂದಿ ಆಸ್ಪತ್ರೆಯಿಂದ ನೇರ ಮನೆಗೆ ಹೋದರು. ಓಪನ್ ಗುಂಪಿನಲ್ಲಿ 77%. ಹೆಂಗಸರಿಗೆ ಲಾಭ ಗಂಡಸರಿಗಿಂತ ಹೆಚ್ಚು ಕಂಡಿತು. ಮೂರು ವರ್ಷಕ್ಕೆ ಸಾವು 48% ಮತ್ತು 56%. ಏಳು ವರ್ಷದ ಹೊತ್ತಿಗೆ ಈ ಅಂತರ ಕರಗಿತು. ಎಂಬತ್ತರ ಅಜ್ಜನಿಗೆ ಆ ಮೊದಲ ಮೂರು ವರ್ಷ ಮತ್ತು ‘ಮನೆಗೆ ಹೋದರು’ ಎಂಬ ಎರಡೇ ಮಾತು ಎಲ್ಲಕ್ಕಿಂತ ದೊಡ್ಡದು.

ಇನ್ನೊಂದು ಅಂಶ. ಇವಾರ್ ಗುಂಪಿಗೆ ಬಿದ್ದು ಒಡೆದಿರುವುದು ಖಚಿತವಾದವರಲ್ಲಿ ಆಕಾರ ಒಪ್ಪಿದ್ದು 64% ಮಂದಿಗೆ ಮಾತ್ರ. ಆ ಗುಂಪಿನಲ್ಲಿ ಉಳಿದವರಿಗೆ ಓಪನ್ ಸರ್ಜರಿಯೂ ಆಗಿದೆ. ಅಂದರೆ ಈ ಅಧ್ಯಯನ ಹೋಲಿಸಿದ್ದು ಎರಡು ಕಾರ್ಯತಂತ್ರಗಳನ್ನು; ‘ಇವಾರ್ ಆದವರು’ ಮತ್ತು ‘ಓಪನ್ ಆದವರು’ ಎಂದು ಓದಿದರೆ ತಪ್ಪುತ್ತದೆ. 2020ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆಯಾದ ನೈಸ್ ಇದನ್ನೆಲ್ಲ ತೂಗಿ, ಹೆಚ್ಚಿನವರಿಗೆ ಇವಾರ್‌ನ ಲಾಭವೇ ಹೆಚ್ಚು, ಅದರಲ್ಲೂ 70 ದಾಟಿದ ಗಂಡಸರಿಗೆ ಮತ್ತು ಯಾವುದೇ ವಯಸ್ಸಿನ ಹೆಂಗಸರಿಗೆ ಎಂದಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮತ್ತು ಸ್ವೀಡನ್ನಿನ ಓರೆಬ್ರೋ ತಂಡಗಳು 2012ರಲ್ಲಿ ಪ್ರಕಟಿಸಿದ ಅನುಭವ ಇನ್ನೂ ಮುಂದೆ ಹೋಗಿ, ಚಿಕಿತ್ಸೆ ಕೊಟ್ಟ ಎಲ್ಲ ರೋಗಿಗಳಿಗೂ ಇವಾರ್ ಸಾಧ್ಯ ಎಂದು ತೋರಿಸಿತು. ಅಷ್ಟು ಕೈಪಳಗಿದ ತಂಡ ಎಲ್ಲ ಊರಲ್ಲಿ ಸಿಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

‘ಹೈ ರಿಸ್ಕ್’ ಎಂಬ ಮುದ್ರೆ

ಕೇಸ್ ಶೀಟ್ ಮೇಲೆ ಈ ಎರಡು ಪದ ಬಿದ್ದೊಡನೆ ಅನೇಕ ಕಡೆ ಕೈಚೆಲ್ಲುವ ಮಾತು ಶುರುವಾಗುತ್ತದೆ. ಅದಕ್ಕೆ ಬೆಂಬಲವಾಗಿ ಸ್ಕೋರುಗಳೂ ಇವೆ. ಗ್ಲ್ಯಾಸ್ಗೋ ಸ್ಕೋರಿನಲ್ಲಿ ವಯಸ್ಸಿಗೆ ಶಾಕ್ (ಬಿಪಿ ಕುಸಿದ ಸ್ಥಿತಿ) ಇದ್ದರೆ 17, ಹೃದಯರೋಗಕ್ಕೆ 7, ಪಾರ್ಶ್ವವಾಯು ಇತಿಹಾಸಕ್ಕೆ 10, ಕಿಡ್ನಿ ಕಾಯಿಲೆಗೆ 14 ಕೂಡಿಸುತ್ತಾರೆ. ಹಾರ್ಡ್‌ಮನ್ ಸೂಚ್ಯಂಕ ಐದು ಅಂಶ ಎಣಿಸುತ್ತದೆ: ವಯಸ್ಸು 76ಕ್ಕೆ ಮೇಲೆ, ಕ್ರಿಯಾಟಿನಿನ್ ಲೀಟರಿಗೆ 190 ಮೈಕ್ರೊಮೋಲ್‌ಗೆ ಮೇಲೆ, ಹಿಮೋಗ್ಲೋಬಿನ್ 9ಕ್ಕೆ ಕೆಳಗೆ, ಇಸಿಜಿಯಲ್ಲಿ ಇಸ್ಕೀಮಿಯಾ (ಹೃದಯಕ್ಕೆ ರಕ್ತ ಸಾಲದ ಗುರುತು), ಆಸ್ಪತ್ರೆಗೆ ಬಂದ ಮೇಲೆ ಪ್ರಜ್ಞೆ ತಪ್ಪಿದ್ದು.

ಇವು ಹುಟ್ಟಿದ್ದು ಓಪನ್ ಸರ್ಜರಿಯ ಅನುಭವದಿಂದ. ಅದೇ ಮಾಪನದಿಂದ ಲೋಕಲ್ ಅನಸ್ತೇಸಿಯಾದ ಇವಾರ್ ಅನ್ನು ಅಳೆಯುವುದು ನ್ಯಾಯವಲ್ಲ. ಯಾವುದೇ ಒಂದು ಲಕ್ಷಣ, ಒಂದು ಅಪಾಯಕಾರಿ ಅಂಶ ಅಥವಾ ಒಂದು ಸ್ಕೋರ್ ನೋಡಿ ಚಿಕಿತ್ಸೆ ಕೊಡುವ, ಬಿಡುವ ತೀರ್ಮಾನ ಮಾಡಬಾರದೆಂದು ನೈಸ್ ಕೂಡ ಹೇಳಿದೆ. ಬಿಟ್ಟರೆ ಏನಾಗುತ್ತದೆ? 2014ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಅಮೆರಿಕದಲ್ಲಿ ಆಸ್ಪತ್ರೆ ಸೇರಿದ ಇಂಥ ರೋಗಿಗಳಲ್ಲಿ ಸುಮಾರು 80% ಮಂದಿಗೆ ಏನಾದರೊಂದು ಶಸ್ತ್ರಚಿಕಿತ್ಸೆ ಸಿಕ್ಕಿತ್ತು, ಇಂಗ್ಲೆಂಡಿನಲ್ಲಿ ಸುಮಾರು 58%. ಆಸ್ಪತ್ರೆಯೊಳಗಿನ ಸಾವು ಇಂಗ್ಲೆಂಡಿನಲ್ಲೇ ಹೆಚ್ಚು. ಮುದ್ರೆ ಒತ್ತುವ ಮೊದಲು ಈ ಅಂಕಿಯನ್ನು ಎದುರಿಗಿಟ್ಟುಕೊಳ್ಳಬೇಕು.

ಬಾಗಿಲಿನಿಂದ ಟೇಬಲ್‌ವರೆಗೆ

ಮೊದಲ ಸೋಲು ಗುರುತಿಸುವುದರಲ್ಲೇ. ಬೆನ್ನುನೋವು, ಬಿಪಿ ಕುಸಿತ, ಹೊಟ್ಟೆಯಲ್ಲಿ ಮಿಡಿಯುವ ಗಡ್ಡೆ, ಈ ಮೂರೂ ಒಟ್ಟಿಗೆ ಕಾಣುವುದು ಅರ್ಧದಷ್ಟು ಮಂದಿಯಲ್ಲೂ ಅಲ್ಲ. ಎಡಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವನ್ನು ಕಿಡ್ನಿ ಸ್ಟೋನ್ ಎಂದುಕೊಂಡು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸುವುದು ಈ ರೋಗದ ಹಳೆಯ ಬಲೆ. ಅರವತ್ತು ದಾಟಿದ, ಹೊಗೆ ಸೇದುವ ಗಂಡಸಿಗೆ ಜೀವಮಾನದಲ್ಲಿ ಮೊದಲ ಸಲ ‘ಕಿಡ್ನಿ ಸ್ಟೋನ್’ ನೋವು ಬಂದಿದೆ ಎಂದರೆ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಡದೆ ಬಿಡಬಾರದು. ಅಲ್ಟ್ರಾಸೌಂಡ್ ಅನ್ಯೂರಿಸಂ ಇದೆಯೇ ಎಂದು ಎರಡು ನಿಮಿಷದಲ್ಲಿ ಹೇಳುತ್ತದೆ. ಒಡೆದಿದೆಯೇ ಎಂದು ಹೇಳಲು, ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಬಿಟ್ಟು ತೆಗೆಯುವ ಸಿಟಿ ಆಂಜಿಯೋ ಬೇಕು. 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್‌ನಲ್ಲಿ, ಎದೆಯ ಕೆಳಭಾಗದಿಂದ ತೊಡೆಯ ಮೇಲ್ಭಾಗದವರೆಗೆ ತೆಗೆಸಬೇಕು. 5 ಮಿ.ಮೀ. ಸ್ಲೈಸ್ ಇಟ್ಟುಕೊಂಡು ಗ್ರಾಫ್ಟ್ ಅಳತೆ ಹಾಕಲು ಆಗುವುದಿಲ್ಲ. ಬೇರೆ ಊರಿಂದ ಬಂದ ಎಷ್ಟೋ ರೋಗಿಗಳಿಗೆ ಸಿಟಿಯನ್ನು ಮತ್ತೆ ಮಾಡಬೇಕಾಗುವುದು ಇದೇ ಕಾರಣಕ್ಕೆ. ಅದರಿಂದ ಸಮಯವೂ ಹೋಗುತ್ತದೆ, ಸೋತ ಕಿಡ್ನಿಗೆ ಎರಡನೇ ಸಲ ಕಾಂಟ್ರಾಸ್ಟ್ ಹೊರೆಯೂ ಬೀಳುತ್ತದೆ.

ಎರಡನೇ ಸೋಲು ಸಲೈನ್. ಬಿಪಿ 80 ಕಂಡ ಕೂಡಲೇ ಎರಡು ಲೀಟರ್ ಓಡಿಸುವುದು ಸಹಜ ಪ್ರತಿಕ್ರಿಯೆ; ಇಲ್ಲಿ ಅದೇ ಅಪಾಯ. ಸೋರುವ ಜಾಗವನ್ನು ಹೆಪ್ಪುಗಟ್ಟಿದ ರಕ್ತ ಮತ್ತು ಬೆನ್ನ ಹಿಂದಿನ ಅಂಗಾಂಶದ ಒತ್ತಡ ತಾತ್ಕಾಲಿಕವಾಗಿ ಹಿಡಿದಿರುತ್ತದೆ. ಬಿಪಿ ಏರಿಸಿದರೆ ಆ ಹೆಪ್ಪು ಕಿತ್ತು ಬರುತ್ತದೆ. ಜೊತೆಗೆ ತಣ್ಣನೆಯ ಸಲೈನ್ ರಕ್ತವನ್ನು ತೆಳುಮಾಡಿ, ಮೈ ತಣ್ಣಗಾಗಿಸಿ, ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ರೋಗಿ ಮಾತಾಡುತ್ತಿದ್ದರೆ, ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುತ್ತಿದ್ದರೆ, ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) 70ರಿಂದ 90ರ ನಡುವೆ ಇದ್ದರೂ ತಡೆದುಕೊಳ್ಳಿ ಎಂಬುದು ಯೂರೋಪಿನ ಮಾರ್ಗಸೂಚಿ. ಇದಕ್ಕೂ ಮಿತಿ ಇದೆ. ಇಂಪ್ರೂವ್‌ನಲ್ಲಿ ಬಿಪಿ ಒಮ್ಮೆಯಾದರೂ 70ರ ಕೆಳಗಿಳಿದವರಲ್ಲಿ 51% ಮಂದಿ 30 ದಿನದೊಳಗೆ ಸತ್ತರು, ಇಳಿಯದವರಲ್ಲಿ 34%. ಹೃದಯದ ರಕ್ತನಾಳ ಕಟ್ಟಿರುವ, ಕಿಡ್ನಿ ಸೋತಿರುವ ರೋಗಿಯಲ್ಲಿ ನಾವು 80ರ ಮೇಲೆ ಇಡುವುದಕ್ಕೇ ಒಲವು ತೋರುತ್ತೇವೆ. ಅದನ್ನೂ ಸಲೈನ್‌ನಿಂದ ಸಾಧಿಸುವುದಕ್ಕಿಂತ ರಕ್ತ ಮತ್ತು ಪ್ಲಾಸ್ಮಾದಿಂದ ಸಾಧಿಸುವುದು ಮೇಲು. ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಸರಿಸಮ ಪ್ರಮಾಣದಲ್ಲಿ, ನಡುನಡುವೆ ಕ್ಯಾಲ್ಸಿಯಂ.

ಬಾಗಿಲಿಗೆ ಬಂದದ್ದರಿಂದ ಚಿಕಿತ್ಸೆ ಶುರುವಾಗುವವರೆಗೆ 90 ನಿಮಿಷ ಮೀರಬಾರದು ಎಂಬುದು ಅಮೆರಿಕದ ವ್ಯಾಸ್ಕ್ಯುಲಾರ್ ಸೊಸೈಟಿಯ 2018ರ ಗುರಿ. ಕಳಿಸುವುದೆಂದು ತೀರ್ಮಾನಿಸಿದ 30 ನಿಮಿಷದೊಳಗೆ ಆಂಬ್ಯುಲೆನ್ಸ್ ಹೊರಡಬೇಕು ಎನ್ನುತ್ತದೆ ನೈಸ್. ಸೇವೆಯನ್ನು ಅಳೆಯಲು ಇದಕ್ಕಿಂತ ನೇರ ಮಾನದಂಡ ಬೇರೆ ಬೇಡ.

ಮಲಗಿಸದೆ ಮಾಡುವುದು

ಅಪಾಯ ಹೆಚ್ಚಿರುವ ರೋಗಿಗೆ ಈ ಸೇವೆಯ ನಿಜವಾದ ಮೌಲ್ಯ ಇಲ್ಲಿದೆ. ಜನರಲ್ ಅನಸ್ತೇಸಿಯಾ ಕೊಟ್ಟ ಕ್ಷಣ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ, ಒತ್ತಡದಿಂದ ತಡೆದಿದ್ದ ರಕ್ತಸ್ರಾವ ಮತ್ತೆ ತೆರೆದುಕೊಳ್ಳುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ಒಮ್ಮೆಲೇ ಕುಸಿಯುತ್ತದೆ. ಓಪನ್ ಸರ್ಜರಿಯಲ್ಲಿ ರೋಗಿಯ ಹೊಟ್ಟೆಗೆ ಅಯೋಡಿನ್ ಹಚ್ಚಿ, ಬಟ್ಟೆ ಹೊದಿಸಿ, ಸರ್ಜನ್ ಚಾಕು ಹಿಡಿದು ನಿಂತ ಮೇಲೆಯೇ ಮಲಗಿಸುವುದು ಅದಕ್ಕಾಗಿ.

ಇವಾರ್‌ಗೆ ಎರಡೂ ತೊಡೆಸಂದಿಗೆ 1% ಲಿಗ್ನೋಕೇನ್ ಸಾಕು. 60 ಕೆ.ಜಿ. ರೋಗಿಗೆ ಬರೀ ಲಿಗ್ನೋಕೇನ್ ಆದರೆ ಕೆ.ಜಿ.ಗೆ 3 ಮಿ.ಗ್ರಾಂ ಲೆಕ್ಕದಲ್ಲಿ 18 ಮಿ.ಲೀ. ಮಿತಿ, ಅಡ್ರಿನಲಿನ್ ಬೆರೆತದ್ದಾದರೆ ಕೆ.ಜಿ.ಗೆ 7 ಮಿ.ಗ್ರಾಂ, ಅಂದರೆ 42 ಮಿ.ಲೀ. ಎರಡೂ ಬದಿಗೆ ಹಂಚುವಾಗ ಮೊದಲನೆಯದು ಬೇಗ ಮುಗಿದುಹೋಗುತ್ತದೆ ಎಂಬುದನ್ನು ನೆನಪಿಡಬೇಕು. ಇಂಪ್ರೂವ್‌ನಲ್ಲಿ ಲೋಕಲ್‌ನಲ್ಲೇ ಇವಾರ್ ಆದವರ 30 ದಿನದ ಸಾವಿನ ಸಂಭಾವ್ಯತೆ ಜನರಲ್‌ನಲ್ಲಿ ಆದವರದ್ದರ ಸುಮಾರು ಕಾಲುಭಾಗದಷ್ಟಿತ್ತು. ಚೀಟಿ ಎತ್ತಿ ಹಂಚಿದ ಹೋಲಿಕೆಯಲ್ಲ ಅದು. ಸ್ಥಿತಿ ತುಂಬ ಕೆಟ್ಟವರನ್ನು ಮಲಗಿಸಿರಬಹುದು. ಆ ರಿಯಾಯಿತಿ ಕೊಟ್ಟರೂ ಅಂತರ ದೊಡ್ಡದೇ.

ತೊಂದರೆ ಇಲ್ಲವೆಂದಲ್ಲ. ಸಾಧನ ಏರಿಸಲು ತೊಡೆಸಂದಿಯಲ್ಲಿ ಹಾಕುವ ದಪ್ಪ ಕೊಳವೆ, ಅಂದರೆ ಶೀತ್, ಕಾಲಿನ ರಕ್ತ ಕಟ್ಟಿದಾಗ ಕಾಲು ನೋಯುತ್ತದೆ, ರೋಗಿ ಮಿಸುಕುತ್ತಾರೆ, ಚಿತ್ರ ಕಲಸಿಹೋಗುತ್ತದೆ, ಕಿಡ್ನಿಯ ರಕ್ತನಾಳ ಎಲ್ಲಿದೆ ಎಂದು ಗುರುತಿಸುವುದು ಕಷ್ಟವಾಗುತ್ತದೆ. ನೋವಿಗೆಂದು ಮಿಡಜೋಲಮ್, ಫೆಂಟನಿಲ್ ಏರಿಸುತ್ತಾ ಹೋದರೆ ರೋಗಿ ಗೊಂದಲಗೊಂಡು ಇನ್ನಷ್ಟು ಒದ್ದಾಡುತ್ತಾರೆ. ಕಿವಿಯ ಬಳಿ ಕೂತು ಕನ್ನಡದಲ್ಲಿ ‘ಉಸಿರು ಹಿಡಿಯಿರಿ ಅಜ್ಜ, ಈಗ ಬಿಡಿ’ ಎನ್ನುವ ಒಬ್ಬರು ಬೇಕು. ಆ ಕೆಲಸವನ್ನು ಔಷಧ ಮಾಡುವುದಿಲ್ಲ. ಗ್ರಾಫ್ಟ್ ಕೂತು ಸೋರಿಕೆ ನಿಂತ ಮೇಲೆ, ಬೇಕಾದರೆ ಮಲಗಿಸಿ ಉಳಿದ ಕೆಲಸ ಮುಗಿಸಬಹುದು.

ಬಲೂನ್

ಬಿಪಿ ನಿಲ್ಲದಿದ್ದರೆ ತೊಡೆಯ ಕಡೆಯಿಂದಲೇ ಮಹಾಪಧಮನಿಯೊಳಗೆ ಬಲೂನ್ ಏರಿಸಿ ಉಬ್ಬಿಸುತ್ತಾರೆ. ಕುಕ್ ಕಂಪನಿಯ ಕೋಡಾ, ಮೆಡ್‌ಟ್ರಾನಿಕ್‌ನ ರಿಲಯಂಟ್ ಇದಕ್ಕೆ ರೂಢಿಯಲ್ಲಿವೆ. 12ರಿಂದ 14 ಫ್ರೆಂಚ್ (ದಪ್ಪದ ಅಳತೆ, 3 ಫ್ರೆಂಚ್‌ಗೆ 1 ಮಿ.ಮೀ.) ಶೀತ್ ಬೇಕು. ಸಾಧನ ಒಳ್ಳೆಯದು, ಆದರೆ ಶೀತ್ ಗಿಡ್ಡವಾದರೆ ನಿಷ್ಪ್ರಯೋಜಕ. ರಕ್ತದ ಹೊಡೆತ ಉಬ್ಬಿದ ಬಲೂನನ್ನು ಕೆಳಗೆ, ಅನ್ಯೂರಿಸಂನೊಳಕ್ಕೇ ತಳ್ಳುತ್ತದೆ. ಉದ್ದನೆಯ ಶೀತ್ ಅನ್ನು ಬಲೂನಿನ ಬುಡಕ್ಕೆ ತಾಗುವಂತೆ ಏರಿಸಿ ಆಸರೆ ಕೊಡಬೇಕು, ತಂತಿಯೂ ಲುಂಡರ್‌ಕ್ವಿಸ್ಟ್‌ನಂಥ ಗಡುಸು ತಂತಿಯಾಗಿರಬೇಕು. ಗ್ರಾಫ್ಟ್ ಬಿಚ್ಚುವ ಮೊದಲು ಬಲೂನನ್ನು ಇಳಿಸಿ ಹಿಂದೆಳೆಯದಿದ್ದರೆ ಅದು ಗ್ರಾಫ್ಟ್‌ಗೂ ಗೋಡೆಗೂ ನಡುವೆ ಸಿಕ್ಕಿಬೀಳುತ್ತದೆ. ಇಳಿಸಿದ ಮೇಲೂ ಬಿಪಿ ನಿಲ್ಲದಿದ್ದರೆ ಗ್ರಾಫ್ಟಿನ ಒಳಗೇ ಎರಡನೇ ಬಲೂನ್ ಉಬ್ಬಿಸಿಕೊಳ್ಳುವ ಸಿದ್ಧತೆ ಇರಬೇಕು. ಉಬ್ಬಿದ್ದಷ್ಟು ಹೊತ್ತು ಕರುಳು, ಲಿವರ್, ಕಿಡ್ನಿಗೆ ರಕ್ತ ಇಲ್ಲ. ಸೋತ ಕಿಡ್ನಿ ಇರುವವರಲ್ಲಿ ಇದರ ಬೆಲೆ ಡಯಾಲಿಸಿಸ್. ಅದಕ್ಕೇ ಎಲ್ಲರಿಗೂ ಮುಂಜಾಗ್ರತೆಗೆಂದು ಉಬ್ಬಿಸುವುದನ್ನು ನಾವು ಒಪ್ಪುವುದಿಲ್ಲ. ತಂತಿ, ಶೀತ್ ಹಾಕಿ ಸಿದ್ಧವಾಗಿಟ್ಟು, ಬಿಪಿ ಕುಸಿದರೆ ಮಾತ್ರ ಉಬ್ಬಿಸುವುದು ಸರಿ.

ಗ್ರಾಫ್ಟ್‌ಗಳು

ಎಂಡ್ಯೂರಂಟ್, ಜೆನಿತ್, ಎಕ್ಸ್‌ಕ್ಲೂಡರ್ ಮೂರೂ ಪಳಗಿದ ಹೆಸರುಗಳು. ತುರ್ತಿನ ಕಣ್ಣಿನಿಂದ ನೋಡಿದರೆ ಮೊದಲ ಪ್ರಶ್ನೆ ಕಿಡ್ನಿ ರಕ್ತನಾಳದ ಕೆಳಗೆ ಎಷ್ಟು ಉದ್ದದ ಸರಿಯಾದ ಕತ್ತು, ಅಂದರೆ ಉಬ್ಬದ ನಾಳ, ಉಳಿದಿದೆ ಎಂಬುದು. ಮೆಡ್‌ಟ್ರಾನಿಕ್‌ನ ಎಂಡ್ಯೂರಂಟ್ 10 ಮಿ.ಮೀ. ಕತ್ತು, 60 ಡಿಗ್ರಿವರೆಗಿನ ಬಾಗು, 19ರಿಂದ 32 ಮಿ.ಮೀ. ಅಗಲಕ್ಕೆ ಒಪ್ಪಿಗೆ ಪಡೆದದ್ದು. 23, 25, 28, 32, 36 ಮಿ.ಮೀ. ಅಳತೆಗಳಲ್ಲಿ ಬರುತ್ತದೆ. ಕುಕ್‌ನ ಜೆನಿತ್ ಫ್ಲೆಕ್ಸ್ 15 ಮಿ.ಮೀ. ಕತ್ತು ಕೇಳುತ್ತದೆ, ಅಳತೆ 22ರಿಂದ 36. ಇವೆರಡೂ ಮುಳ್ಳುಗಳಿರುವ ಬರೀ ಸ್ಟೆಂಟ್ ಅನ್ನು ಕಿಡ್ನಿ ರಕ್ತನಾಳದ ಮೇಲಕ್ಕೂ ಚಾಚಿ ಕಚ್ಚಿ ಹಿಡಿಯುತ್ತವೆ. ಗೋರ್‌ನ ಎಕ್ಸ್‌ಕ್ಲೂಡರ್ ಕೆಳಗೇ ನಿಲ್ಲುತ್ತದೆ. ಅದರ ಸಿ3 ಆವೃತ್ತಿಯಲ್ಲಿ ಅರ್ಧ ಬಿಚ್ಚಿದ ಮೇಲೂ ಜಾಗ ಸರಿಪಡಿಸಿಕೊಳ್ಳಬಹುದು. ಮಿಸುಕುವ ರೋಗಿಯಲ್ಲಿ ಇದು ಸಣ್ಣ ಅನುಕೂಲವಲ್ಲ.

ಕಾಲಿನ ಕಡೆಯ ದಾರಿಯೂ ಅಷ್ಟೇ ಮುಖ್ಯ. ಎಂಡ್ಯೂರಂಟ್‌ನ ಮುಖ್ಯ ಭಾಗದ ಹೊರದಪ್ಪ 18ರಿಂದ 20 ಫ್ರೆಂಚ್. ಅಂದರೆ 6ರಿಂದ 6.7 ಮಿ.ಮೀ. ನಮ್ಮ ಸಣಕಲು ಮೈಯ ಹೆಂಗಸರಲ್ಲಿ, ಸುಣ್ಣಗಟ್ಟಿದ ಇಲಿಯಾಕ್ ನಾಳದಲ್ಲಿ (ಮಹಾಪಧಮನಿ ಕವಲೊಡೆದು ಕಾಲಿನತ್ತ ಇಳಿಯುವ ನಾಳ) ಇದು ಏರದೆ ನಿಲ್ಲುತ್ತದೆ. ಬಲವಂತ ಮಾಡಿದರೆ ಇಲಿಯಾಕ್ ಹರಿದು, ಒಂದು ರಕ್ತಸ್ರಾವದ ಜೊತೆ ಇನ್ನೊಂದು ಸೇರುತ್ತದೆ.

ಅಳತೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಯೋಜಿಸಿ ಮಾಡುವ ಇವಾರ್‌ನಲ್ಲಿ ಕತ್ತಿನ ಅಗಲಕ್ಕಿಂತ 10ರಿಂದ 20% ದೊಡ್ಡ ಗ್ರಾಫ್ಟ್ ಆರಿಸುತ್ತಾರೆ. ಶಾಕ್‌ನಲ್ಲಿರುವ ರೋಗಿಯ ಮಹಾಪಧಮನಿ ಕುಗ್ಗಿರುತ್ತದೆ. ರಕ್ತ ಕೊಟ್ಟು ಬಿಪಿ ಬಂದ ಮೇಲೆ ಅದು ಹಿಗ್ಗುತ್ತದೆ, ಗ್ರಾಫ್ಟ್ ಸಡಿಲವಾಗಿ ಮೇಲಿನಿಂದ ಸೋರುತ್ತದೆ. ಸಿಟಿಯಲ್ಲಿ ಕತ್ತು 25 ಮಿ.ಮೀ. ಎಂದಿದ್ದರೆ ಸಾಮಾನ್ಯ ದಿನ 28 ಸಾಕು, ಅದು 12% ದೊಡ್ಡದು. ಸಿಟಿ ತೆಗೆದಾಗ ಬಿಪಿ 75 ಇತ್ತೆಂದಾದರೆ 32 ತೆಗೆಯುವುದು ಮೇಲು, 28% ದೊಡ್ಡದು. ಅದಕ್ಕೂ ಮೀರಿದರೆ ಬಟ್ಟೆ ನೆರಿಗೆ ಕಟ್ಟಿ ಆ ನೆರಿಗೆಯಲ್ಲೇ ಸೋರುತ್ತದೆ. ಆದ್ದರಿಂದ ಸಿಟಿ ಫಿಲ್ಮಿನ ಜೊತೆ ಆ ಹೊತ್ತಿನ ಬಿಪಿಯನ್ನೂ ಬರೆದು ಕಳಿಸಬೇಕು.

ಪ್ಯಾಂಟಿನಂತೆ ಕವಲೊಡೆದ ಎರಡು ಕಾಲಿನ ಗ್ರಾಫ್ಟ್‌ನಲ್ಲಿ ಎದುರು ಬದಿಯ ಕಿಂಡಿಗೆ ತಂತಿ ತೂರಿಸುವುದೇ ತಡವಾಗುವ ಹಂತ. ಅಲ್ಲಿ ಹತ್ತು ನಿಮಿಷ ದಾಟಿತು, ಬಿಪಿ ಜಾರುತ್ತಿದೆ ಎಂದರೆ ಒಂದೇ ಕಾಲಿನ ಗ್ರಾಫ್ಟ್‌ಗೆ ಬದಲಿಸಿ, ಎದುರು ಇಲಿಯಾಕ್‌ಗೆ ಬಿರಡೆ ಹಾಕಿ, ಒಂದು ತೊಡೆಯಿಂದ ಇನ್ನೊಂದಕ್ಕೆ ಬೈಪಾಸ್ ಹೊಲಿಯಬಹುದು. ಬೇಗ ಮುಚ್ಚುತ್ತದೆ ಎಂಬುದು ಲಾಭ. ಬೈಪಾಸ್‌ಗೆ ಇನ್ನಷ್ಟು ಸಮಯ, ತೊಡೆಸಂದಿಯ ಸೋಂಕಿನ ಅಪಾಯ ನಷ್ಟ.

ಈ ಎಲ್ಲ ಲೆಕ್ಕ ಕಪಾಟಿನಲ್ಲಿ ಸರಕು ಇದ್ದರೆ ಮಾತ್ರ. ಅನೇಕ ಕಡೆ ಸಿಟಿ ನೋಡಿ ಅಳತೆ ಹೇಳಿದ ಮೇಲೆ ಡೀಲರ್ ಗ್ರಾಫ್ಟ್ ತರಿಸುತ್ತಾರೆ. ಯೋಜಿತ ಚಿಕಿತ್ಸೆಗೆ ಇದು ಸರಿ, ಒಡೆದ ಅನ್ಯೂರಿಸಂಗೆ ಸಾವು. ಕನಿಷ್ಠ 28, 32, 36 ಮಿ.ಮೀ. ಮುಖ್ಯ ಭಾಗಗಳು, ಬೇರೆ ಬೇರೆ ಉದ್ದದ ಕಾಲುಗಳು, ಒಂದು ಒಂಟಿಕಾಲಿನ ಗ್ರಾಫ್ಟ್, ಮೇಲಿನ ಸೋರಿಕೆಗೆ ಒಂದು ಕಫ್ (ತುದಿಗೆ ಸೇರಿಸುವ ಗಿಡ್ಡ ತುಂಡು), ಎರಡು ಬಲೂನ್ ಇಷ್ಟಾದರೂ ಆಸ್ಪತ್ರೆಯೊಳಗೆ ಇರದಿದ್ದರೆ ಆ ಸೇವೆಗೆ ‘ತುರ್ತು’ ಎಂಬ ಹೆಸರು ಕೊಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಗೆದ್ದ ಮೇಲೆ ಕೈಕೊಡುವುದು

ಇವಾರ್ ಸೋರಿಕೆ ಮುಚ್ಚುತ್ತದೆ, ಆದರೆ ಹೊಟ್ಟೆಯ ಹಿಂದೆ ಆಗಲೇ ಸೇರಿದ ಲೀಟರುಗಟ್ಟಲೆ ರಕ್ತ ಅಲ್ಲೇ ಉಳಿಯುತ್ತದೆ. ಕರುಳು ಬಾತುಕೊಳ್ಳುತ್ತದೆ, ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. 20 ಮಿ.ಮೀ. ಪಾದರಸ ದಾಟಿ, ಜೊತೆಗೆ ಮೂತ್ರ ನಿಂತು ಅಥವಾ ಉಸಿರಾಟದ ಒತ್ತಡ ಏರಿದರೆ ಅದು ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಚೆನ್ನಾಗಿ ನಡೆದ ಇವಾರ್ ಆದ ಮೇಲೆ ಐಸಿಯುನಲ್ಲಿ ರೋಗಿಯನ್ನು ಕಳೆದುಕೊಳ್ಳುವುದು ಬಹಳ ಸಲ ಇದನ್ನು ತಡವಾಗಿ ಗುರುತಿಸಿದ್ದರಿಂದ. ಬಲೂನ್ ಬಳಸಿದವರು, ಬಹಳ ರಕ್ತ ಪಡೆದವರು, ಹೆಪ್ಪುಗಟ್ಟುವಿಕೆ ಕೆಟ್ಟವರು ಹೆಚ್ಚು ಅಪಾಯದಲ್ಲಿರುತ್ತಾರೆ.

ಅಳೆಯುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಮೂತ್ರದ ಕ್ಯಾಥೆಟರ್ ಮೂಲಕ ಹೆಚ್ಚೆಂದರೆ 25 ಮಿ.ಲೀ. ಸಲೈನ್ ಬಿಟ್ಟು, ರೋಗಿಯನ್ನು ಅಂಗಾತ ಮಲಗಿಸಿ, ಕಂಕುಳ ನಡುಗೆರೆಯನ್ನು ಸೊನ್ನೆ ಮಾಡಿಕೊಂಡು, ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಮೊದಲೆರಡು ದಿನ ನಾಲ್ಕು ಗಂಟೆಗೊಮ್ಮೆಯಾದರೂ ನೋಡಬೇಕು. 50 ಮಿ.ಲೀ., 100 ಮಿ.ಲೀ. ತುಂಬಿದರೆ ಸುಳ್ಳು ಏರಿಕೆ ಕಾಣುತ್ತದೆ. ಮೊದಲು ಮೂಗಿನ ಕೊಳವೆಯಿಂದ ಹೊಟ್ಟೆ ಖಾಲಿ ಮಾಡಿ, ನೋವು ತಗ್ಗಿಸಿ, ಸ್ನಾಯು ಸಡಿಲಿಸಿ, ಸಲೈನ್ ಕಡಿಮೆ ಮಾಡಿ ನೋಡುತ್ತಾರೆ. ಆಗದಿದ್ದರೆ ಹೊಟ್ಟೆ ತೆರೆದು ಒತ್ತಡ ಬಿಡಿಸಿ, ವ್ಯಾಕ್ಯೂಮ್ ಡ್ರೆಸ್ಸಿಂಗ್ ಹಾಕಿ, ಮೆಶ್ ಎಳೆಯುತ್ತಾ ಕೆಲವು ದಿನಗಳಲ್ಲಿ ಮುಚ್ಚಬೇಕು. ‘ಹೊಟ್ಟೆ ಕೊಯ್ಯುವುದಿಲ್ಲ’ ಎಂದು ಮನೆಯವರಿಗೆ ಮೊದಲೇ ಮಾತು ಕೊಟ್ಟಿದ್ದರೆ ಈ ಹೊತ್ತಿನಲ್ಲಿ ಸರ್ಜನ್ ಹಿಂಜರಿಯುತ್ತಾರೆ. ಆದ್ದರಿಂದ ಆ ಮಾತನ್ನು ಕೊಡಲೇಬಾರದು. ಸಹಿ ಹಾಕಿಸುವಾಗಲೇ ಇದನ್ನೂ ಹೇಳಬೇಕು.

ಎರಡನೆಯ ದಿನದೊಳಗೆ ರಕ್ತ ಬೆರೆತ ಭೇದಿ, ರಕ್ತದಲ್ಲಿ ಏರುತ್ತಲೇ ಇರುವ ಲ್ಯಾಕ್ಟೇಟ್ (ಅಂಗಾಂಶಕ್ಕೆ ಆಮ್ಲಜನಕ ಸಾಲದ ಗುರುತು) ಕಂಡರೆ ಎಡಗರುಳಿಗೆ ರಕ್ತ ಸಾಲದಾಗಿದೆಯೇ ಎಂದು ಕರುಳಿನೊಳಗೆ ಕ್ಯಾಮೆರಾ ಇಳಿಸಿ, ಅಂದರೆ ಸಿಗ್ಮಾಯ್ಡೋಸ್ಕೋಪಿ ಮಾಡಿ ನೋಡಬೇಕು. ಮೇಲಿನ ಅಥವಾ ಕೆಳಗಿನ ತುದಿಯ ಸೋರಿಕೆ, ಗ್ರಾಫ್ಟ್ ತುಂಡುಗಳ ಕೂಡುಜಾಗದ ಸೋರಿಕೆ ಟೇಬಲ್ ಮೇಲೆಯೇ ಸರಿಯಾಗಬೇಕು. ಸಣ್ಣ ಶಾಖೆಗಳಿಂದ ಹಿಮ್ಮುಖವಾಗಿ ಬರುವ ಸೋರಿಕೆಯನ್ನು ಯೋಜಿತ ಇವಾರ್‌ನಲ್ಲಿ ಕಾದು ನೋಡುತ್ತಾರೆ. ಗೋಡೆ ಒಡೆದವರಲ್ಲಿ ಹಿಮೋಗ್ಲೋಬಿನ್ ಇಳಿಯುತ್ತಲೇ ಇದ್ದರೆ ಅದನ್ನೂ ಅನುಮಾನಿಸಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನು ಗ್ರಾಫ್ಟ್ ಕೂತ ಮೇಲೆಯೇ ಕೊಡುವುದು ಕ್ಷೇಮ.

ಓಪನ್ ಸರ್ಜರಿಗೆ ಸಲ್ಲಬೇಕಾದ ಮಾತು

ಕತ್ತು ತೀರಾ ಚಿಕ್ಕದು, ಇಲಿಯಾಕ್ ಕಟ್ಟಿಹೋಗಿದೆ, ಗ್ರಾಫ್ಟ್ ಇಲ್ಲ ಎಂದರೆ ಓಪನ್ ಸರ್ಜರಿಯೇ ಗತಿ. ಒಳ್ಳೆಯ ಕೈಯಲ್ಲಿ ಅದು ಇವತ್ತಿಗೂ ಜೀವ ಉಳಿಸುತ್ತದೆ. ಜಠರದ ಮೇಲಂಚಿನ ತೆಳು ಪದರವಾದ ಕಿರುಓಮೆಂಟಮ್ ತೆರೆದು ವಪೆಯ ಕೆಳಗೆ, ಕರುಳಿನ ರಕ್ತನಾಳಗಳ ಮೇಲೆ ಕ್ಲ್ಯಾಂಪ್ ಹಾಕಿ, ಆಮೇಲೆ ಅದನ್ನು ಕಿಡ್ನಿ ನಾಳದ ಕೆಳಗೆ ಇಳಿಸಿ, ಬೆನ್ನಿನ ಕಡೆಯಿಂದ ಹಿಮ್ಮುಖ ಸುರಿಯುವ ಲಂಬಾರ್ ನಾಳಗಳಿಗೆ ಹೊಲಿಗೆ ಹಾಕಿ, ನೇರ ಡ್ಯಾಕ್ರಾನ್ ಕೊಳವೆ ಕೂರಿಸುವುದು ವಾಡಿಕೆ. ದುರ್ಬಲ ಹೃದಯಕ್ಕೆ ಇಲ್ಲಿ ಎರಡು ಹೊಡೆತ: ಕ್ಲ್ಯಾಂಪ್ ಹಾಕಿದಾಗ ಹೃದಯ ತಳ್ಳಬೇಕಾದ ಭಾರ ಒಮ್ಮೆಲೇ ಏರುತ್ತದೆ, ತೆಗೆದಾಗ ಕಾಲಿನಿಂದ ಆಮ್ಲ, ಪೊಟ್ಯಾಸಿಯಂ ತುಂಬಿದ ರಕ್ತ ಹಿಂತಿರುಗಿ ಬಿಪಿ ಕುಸಿಯುತ್ತದೆ. ಇವಾರ್ ತಂಡ ಇಟ್ಟುಕೊಂಡು ಓಪನ್ ಮಾಡಬಲ್ಲವರನ್ನು ಇಟ್ಟುಕೊಳ್ಳದ ಆಸ್ಪತ್ರೆಯನ್ನು ನಾವು ಶಿಫಾರಸು ಮಾಡುವುದಿಲ್ಲ.

ಕರ್ನಾಟಕದಲ್ಲಿ ಕೇಳಬೇಕಾದ ಪ್ರಶ್ನೆಗಳು

ಅನ್ಯೂರಿಸಂ ಇದೆಯೆಂದು ಮೊದಲೇ ಗೊತ್ತಿರುವ ಮನೆಯವರು ಆರಾಮಾಗಿರುವ ದಿನವೇ ಕೇಳಿಟ್ಟುಕೊಳ್ಳಬೇಕು. ಹತ್ತಿರದಲ್ಲಿ 24 ಗಂಟೆ ವ್ಯಾಸ್ಕ್ಯುಲಾರ್ ಸರ್ಜನ್ ಇರುವ ಆಸ್ಪತ್ರೆ ಯಾವುದು? ಗ್ರಾಫ್ಟ್ ಒಳಗೇ ಇದೆಯೇ, ತರಿಸುತ್ತೀರಾ? ರಾತ್ರಿ ಕ್ಯಾಥ್ ಲ್ಯಾಬ್ ತೆರೆಯಲು ಎಷ್ಟು ಹೊತ್ತು? ಲೋಕಲ್‌ನಲ್ಲಿ ಮಾಡುತ್ತೀರಾ? ರಾಜಧಾನಿಯೇ ಬೇಕೆಂದಿಲ್ಲ. ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. 108ಕ್ಕೆ ಕರೆ ಮಾಡುವಾಗ ‘ಹೊಟ್ಟೆಯ ಅನ್ಯೂರಿಸಂ ಇದೆ, ಒಡೆದಿರಬಹುದು’ ಎಂದೇ ಹೇಳಬೇಕು; ಹೊಟ್ಟೆನೋವು ಎಂದರೆ ಹತ್ತಿರದ ಯಾವುದೋ ಆಸ್ಪತ್ರೆಗೆ ಹೋಗಿ ಅಲ್ಲಿಂದ ಮತ್ತೆ ಹೊರಡಬೇಕಾಗುತ್ತದೆ. ಹಳೆಯ ಸಿಟಿ ಸಿಡಿ, ರಕ್ತ ತೆಳುಮಾಡುವ ಮಾತ್ರೆಗಳ ಚೀಟಿ ಒಂದೇ ಕವರಿನಲ್ಲಿ ಇರಲಿ.

ಗ್ರಾಫ್ಟಿನ ಬೆಲೆಯೇ ಹಲವು ಲಕ್ಷ, ಐಸಿಯು ಖರ್ಚು ಬೇರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಆ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಅದರಡಿ ಬರುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ತುರ್ತಿನಲ್ಲಿ ಜೀವ ಉಳಿಸುವ ಆರೈಕೆಯನ್ನು ಔಪಚಾರಿಕತೆಗಾಗಿ ತಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ರಕ್ತನಿಧಿಯವರು ಬದಲಿ ರಕ್ತದಾನಿಗಳನ್ನು ಕೇಳಿದರೆ ಬಂಧುಗಳನ್ನು ಸೇರಿಸಿ, ಆದರೆ ರಕ್ತ ಮೊದಲು ಹೊರಬರಲಿ ಎಂದು ಪಟ್ಟು ಹಿಡಿಯಬೇಕು.

ಬೇಡವೆನ್ನುವ ಹಕ್ಕು

ಎಲ್ಲರಿಗೂ ಮಾಡಲೇಬೇಕೆಂದು ನಾವು ಹೇಳುತ್ತಿಲ್ಲ. ಹಾಸಿಗೆ ಹಿಡಿದಿರುವ, ಮರೆವಿನ ಕಾಯಿಲೆ ಮುಂದುವರಿದಿರುವ, ಹರಡಿದ ಕ್ಯಾನ್ಸರ್ ಇರುವ, ಎದೆ ಒತ್ತಿ ಒತ್ತಿಯೇ ಟೇಬಲ್‌ಗೆ ಬಂದಿರುವ ರೋಗಿಗೆ ಮಾರ್ಫಿನ್, ಮನೆಯವರ ಕೈಹಿಡಿತ, ಬೆಳಕು ತಗ್ಗಿಸಿದ ಕೋಣೆಯೇ ಸರಿಯಾದ ಚಿಕಿತ್ಸೆ. ಅದನ್ನು ಕೊಡಲು ಬಾರದ ಸೇವೆ ಅರ್ಧ ಸೇವೆ. ಇನ್ನೊಂದು ಗುಂಪಿದೆ: ದೇಹಸ್ಥಿತಿ ಸಾಲದು ಎಂದು ಯೋಜಿತ ಚಿಕಿತ್ಸೆಯನ್ನೇ ಬಿಟ್ಟವರು. 2005ರ ಇವಾರ್-2 ಅಧ್ಯಯನದ 338 ಅಂಥ ರೋಗಿಗಳಲ್ಲಿ ಯೋಜಿತ ಇವಾರ್ ಒಟ್ಟು ಆಯುಷ್ಯವನ್ನು ಹೆಚ್ಚಿಸಲಿಲ್ಲ. ಇಂಥವರ ಅನ್ಯೂರಿಸಂ ನಾಳೆ ಒಡೆದರೆ ಏನು ಮಾಡಬೇಕು ಎಂದು ಹೊರರೋಗಿ ವಿಭಾಗದಲ್ಲೇ ರೋಗಿಯನ್ನು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದುಕೊಡಬೇಕು. ನಡುರಾತ್ರಿ ಗಾಬರಿಯಾಗಿರುವ ಮಗನನ್ನು ಐದು ನಿಮಿಷದಲ್ಲಿ ತೀರ್ಮಾನಿಸು ಎನ್ನುವುದು ಕ್ರೌರ್ಯ.

ಮನೆಗೆ ಹೋದ ಮೇಲೆ

ಓಪನ್ ಸರ್ಜರಿ ಒಮ್ಮೆ ಆದರೆ ಬಹುಮಟ್ಟಿಗೆ ಮುಗಿಯಿತು; ಇವಾರ್ ಹಾಗಲ್ಲ. ತಿಂಗಳೊಳಗೆ ಒಂದು ಸಿಟಿ ಆಂಜಿಯೋ, ಆಮೇಲೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ. ಕಿಡ್ನಿ ಸೋತವರಿಗೆ ಕಾಂಟ್ರಾಸ್ಟ್ ಇಲ್ಲದ ಸಿಟಿ ಮತ್ತು ರಕ್ತದ ಹರಿವನ್ನೂ ತೋರಿಸುವ ಡ್ಯೂಪ್ಲೆಕ್ಸ್ ಅಲ್ಟ್ರಾಸೌಂಡ್ ಜೋಡಿ ಸಾಕು. ಅನ್ಯೂರಿಸಂ ಚೀಲದ ಅಗಲ 5 ಮಿ.ಮೀ.ಗಿಂತ ಹೆಚ್ಚು ಬೆಳೆದರೆ ಮಾತ್ರ ಕಾಂಟ್ರಾಸ್ಟ್ ಕೊಟ್ಟು ನೋಡಬಹುದು. ಕಾಲು ಇದ್ದಕ್ಕಿದ್ದಂತೆ ತಣ್ಣಗಾದರೆ, ನಡೆಯುವಾಗ ಹೊಸದಾಗಿ ಮೀನಖಂಡ ನೋವು ಬಂದರೆ ಗ್ರಾಫ್ಟಿನ ಕಾಲು ಕಟ್ಟಿರಬಹುದು, ಅಂದೇ ತೋರಿಸಬೇಕು. ಬಿಡುಗಡೆ ಚೀಟಿಯಲ್ಲಿ ಗ್ರಾಫ್ಟಿನ ಹೆಸರು, ಅಳತೆ, ಸರಣಿ ಸಂಖ್ಯೆ ಬರೆಸಿಕೊಳ್ಳಿ. ಮುಂದೆ ಕಫ್ ಅಥವಾ ಹೊಸ ಕಾಲು ಜೋಡಿಸಬೇಕಾದರೆ ಅದೇ ಆಧಾರ. ರೋಗಿಯ ಒಡಹುಟ್ಟಿದವರು ಮತ್ತು ಐವತ್ತು ದಾಟಿದ ಮಕ್ಕಳು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು. ಸ್ಕ್ಯಾನ್ ಚೀಟಿಯಲ್ಲಿ ‘ಮಹಾಪಧಮನಿಯ ಅಗಲ ಎಷ್ಟು’ ಎಂದು ನಿರ್ದಿಷ್ಟವಾಗಿ ಬರೆಸಿ. ಕೇಳದಿದ್ದರೆ ಅದನ್ನು ಅಳೆಯದೆಯೇ ವರದಿ ಬರುವುದುಂಟು.